ಕೊಡಗಿನ ಪಾರಂಪರಿಕ ಮತ್ತು ಸಮಗ್ರ ವೈದ್ಯರ ಪರಸ್ಪರ ನೆರವಿನ ಜಾಲಗಳು

ಕೊಡಗು ಜಿಲ್ಲೆಯ ನಾಟಿ ವೈದ್ಯರು, ಮೂಳೆ ಕಟ್ಟುವವರು, ಸೂಲಗಿತ್ತಿಯರು, ಆಯುರ್ವೇದ, ಹೋಮಿಯೋಪತಿ ಮತ್ತು ಪ್ರಕೃತಿ ಚಿಕಿತ್ಸೆಯ ಪದವೀಧರರು, ಯೋಗ ಶಿಕ್ಷಕರು, ಮರ್ದನ ಚಿಕಿತ್ಸಕರು ತಮ್ಮ ವೃತ್ತಿಯಲ್ಲಿ ಒಬ್ಬರಿಗೊಬ್ಬರು ಒದಗಿಬರುವ ಬಗೆಗಳನ್ನು ಈ ಲೇಖನ ಪರಿಚಯಿಸುತ್ತದೆ. ಇವುಗಳಲ್ಲಿ ನೋಂದಾಯಿತ ಸಂಘಗಳಿವೆ, ಸ್ವಯಂಸೇವಾ ಸಂಸ್ಥೆಗಳು ಕಟ್ಟಿದ ಕೂಟಗಳಿವೆ. ಹೆಸರು, ಮೊಹರು, ಸದಸ್ಯತ್ವದ ಶುಲ್ಕ ಯಾವುದೂ ಇಲ್ಲದ ಒಡನಾಟಗಳೂ ಇವೆ. ಈ ಸೀಮೆಯ ನಾಟಿ ವೈದ್ಯರು ವಿದ್ಯೆ ಹಂಚಿಕೊಳ್ಳುವ ಆಸೆಯಿಂದ ಒಂದೆಡೆ ಕೂತವರಲ್ಲ. ಮದ್ದಿನ ಗಿಡ ಕೈಗೆಟುಕದಂತಾದಾಗ ಕೂತರು, ಕಾನೂನು ಬಾಗಿಲು ತಟ್ಟಿದಾಗ ಮತ್ತೆ ಕೂತರು. ಅವರ ಸಂಘಗಳ ಶಕ್ತಿಯೂ ಮಿತಿಯೂ ಈ ಎರಡು ಕಾರಣಗಳಿಂದಲೇ ಬಂದಿವೆ.

ನೆಲ ಮತ್ತು ಜನ

4,102 ಚದರ ಕಿಲೋಮೀಟರ್ ವಿಸ್ತಾರದ ಕೊಡಗಿನಲ್ಲಿ 2011ರ ಜನಗಣತಿಯಂತೆ 5,54,519 ಜನರಿದ್ದರು. ಬಯಲುಸೀಮೆಯ ಹಾಗೆ ಮನೆಗೆ ಮನೆ ಅಂಟಿಕೊಂಡ ಊರುಗಳು ಇಲ್ಲಿ ಕಡಿಮೆ. ಕಾಫಿ ತೋಟದ ನಡುವೆ ಒಂದು ಮನೆ, ಗದ್ದೆ ದಾಟಿ ಇನ್ನೊಂದು, ಹೊಳೆಯಾಚೆ ಮತ್ತೊಂದು. ಮುಂಗಾರು ಹಿಡಿದರೆ ಹೊಳೆಯಾಚೆಯ ಮನೆ ಬೇರೆ ಊರೇ ಆಗಿಬಿಡುತ್ತದೆ. ಹೀಗಾಗಿ ಒಬ್ಬ ವೈದ್ಯನಿಗೂ ಇನ್ನೊಬ್ಬನಿಗೂ ನಡುವಿನ ದೂರ ಮೊದಲಿನಿಂದಲೂ ದೊಡ್ಡದು. ರೋಗಿಗಳು ಇಬ್ಬರನ್ನೂ ಬಲ್ಲವರಾಗಿರುತ್ತಿದ್ದರು, ವೈದ್ಯರಿಬ್ಬರು ಮುಖಾಮುಖಿಯಾಗುತ್ತಿದ್ದುದು ಮದುವೆ, ಹಬ್ಬ, ಸಂತೆಯಲ್ಲಿ. ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪದಂಥ ಪೇಟೆಗಳಲ್ಲಿ ಸಂತೆಯ ದಿನ ನಡೆಯುತ್ತಿದ್ದ ಮಾತುಕತೆಯೇ ಈ ವೃತ್ತಿಯ ಹಳೆಯ ಸಭೆ ಎಂದರೂ ತಪ್ಪಾಗದು.

ವೈದ್ಯಪದ್ಧತಿಗಳು ಜನವರ್ಗಗಳೊಂದಿಗೆ ಹೆಣೆದುಕೊಂಡಿವೆ. ನಾಗರಹೊಳೆಯ ಅಂಚಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ದಕ್ಷಿಣ ಕೊಡಗಿನ ಯರವರು, ತಲಕಾವೇರಿ ಮತ್ತು ಪುಷ್ಪಗಿರಿ ಕಡೆಯ ಕುಡಿಯರು ಕಾಡಿನ ಬೇರು, ತೊಗಟೆ, ಅಂಟುಗಳನ್ನು ಬಲ್ಲವರು. ಕೊಡವರು, ಅರೆಭಾಷೆ ಗೌಡರ ಮನೆಗಳಲ್ಲಿ ಹಿರಿಯ ಹೆಂಗಸರ ಕೈಮದ್ದು. ಜ್ಯೋತಿಷ, ಮಂತ್ರ ಮತ್ತು ಮದ್ದು ಮೂರನ್ನೂ ಕೂಡಿಸಿಕೊಂಡ ಕಣಿಯರಂಥ ಕುಲವೃತ್ತಿಯವರು ಬೇರೆ. ಕೇರಳದಿಂದ ಮಾಕುಟ್ಟ, ಕುಟ್ಟದ ದಾರಿಯಾಗಿ ಬಂದ ಎಣ್ಣೆ ಹಚ್ಚಿ ಮೈ ಉಜ್ಜುವ ಉಳಿಚಿಲ್ ಪದ್ಧತಿ, ಸಂಪಾಜೆ ಘಟ್ಟ ಹತ್ತಿ ಬಂದ ತುಳುನಾಡಿನ ಮದ್ದು, ಮೈಸೂರಿನ ಕಡೆಯ ಪಂಡಿತರ ಆಯುರ್ವೇದ ಎಲ್ಲವೂ ಈ ಪುಟ್ಟ ಜಿಲ್ಲೆಯಲ್ಲಿ ಒಂದರ ಪಕ್ಕ ಒಂದು ನಿಂತಿವೆ. ಬೆರೆತಿವೆ ಎನ್ನುವುದಕ್ಕಿಂತ ಪಕ್ಕಪಕ್ಕ ನಿಂತಿವೆ ಎನ್ನುವುದೇ ಸರಿ.

ಗುಟ್ಟಿನ ಮದ್ದು, ಊರಿನ ಮದ್ದು

ಹೊರಗೆ ಹೇಳಿದ ಮದ್ದು ಫಲಿಸದು ಎಂಬ ನಂಬಿಕೆ ಕನ್ನಡನಾಡಿನ ಎಲ್ಲ ಕಡೆಯಂತೆ ಕೊಡಗಿನಲ್ಲೂ ಗಟ್ಟಿಯಾಗಿದೆ. ಕಾಮಾಲೆಗೆ ಬರಿಹೊಟ್ಟೆಯಲ್ಲಿ ಮದ್ದು ಕೊಡುವ ಮನೆಯವರು ಸೊಪ್ಪನ್ನು ರೋಗಿಯ ಕಣ್ಣಿಗೆ ಬೀಳದಂತೆ ಒಳಗೆ ಅರೆದು, ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕದಡಿ ಹೊರಗೆ ತರುತ್ತಾರೆ. ಅದು ನೆಲನೆಲ್ಲಿ ಎಂದು ಊರಿಗೆಲ್ಲ ಗೊತ್ತಿದ್ದರೂ ಶಾಸ್ತ್ರ ತಪ್ಪುವುದಿಲ್ಲ. ಕೆಲವೆಡೆ ಜೊತೆಗೆ ಬೆರೆಸುವ ಎರಡನೆಯ ವಸ್ತುವೇ ನಿಜವಾದ ಗುಟ್ಟಾಗಿರುತ್ತದೆ. ಮದ್ದಿಗೆ ಬೆಲೆ ಕಟ್ಟಬಾರದು, ಕೊಟ್ಟಷ್ಟು ಕಾಣಿಕೆಯನ್ನು ವೀಳ್ಯದೆಲೆಯ ಮೇಲೆ ಇಡಬೇಕು ಎಂಬುದು ಇದರ ಜೋಡಿ ನಿಯಮ. ವಿದ್ಯೆ ಸಾಗುತ್ತಿದ್ದುದು ಮಗನಿಗೆ ಅಥವಾ ಸೊಸೆಗೆ. ಎಷ್ಟೋ ಸಲ ಅದು ಕೈ ಬದಲಾಗುತ್ತಿದ್ದುದು ಹಾಸಿಗೆ ಹಿಡಿದ ಮೇಲೆಯೇ.

ಗುಟ್ಟು ಬರಿಯ ಸ್ವಾರ್ಥವಲ್ಲ. ಮೋಡಿ ಮಾತಿನ ಮಾರಾಟಗಾರ ತಪ್ಪು ಅಳತೆಯಲ್ಲಿ ಕೊಟ್ಟು ರೋಗಿಯನ್ನು ಕೊಲ್ಲದಿರಲಿ ಎಂಬ ಎಚ್ಚರವೂ ಅದರಲ್ಲಿತ್ತು. ಆದರೆ ಬೆಲೆ ತೆತ್ತದ್ದು ವೈದ್ಯನೇ. ಮದ್ದು ಫಲಿಸದ ದಿನ ಯಾರನ್ನು ಕೇಳಬೇಕು? ಮಗು ಕೈಯಲ್ಲೇ ತೀರಿಕೊಂಡರೆ ಯಾರ ಮುಂದೆ ಹೇಳಿಕೊಳ್ಳಬೇಕು? ಕೈಗುಣವೇ ಬಂಡವಾಳವಾದ ವೃತ್ತಿಯಲ್ಲಿ ಸೋಲನ್ನು ಬಾಯಿಬಿಡುವುದೆಂದರೆ ಬಂಡವಾಳವನ್ನೇ ಕಳೆದುಕೊಂಡಂತೆ.

ಇದಕ್ಕೆ ತೀರಾ ಎದುರಾದ ಸಂಪ್ರದಾಯವೊಂದು ಅದೇ ಕೊಡಗಿನಲ್ಲಿದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಆಸುಪಾಸಿನಲ್ಲಿ, ಮದ್ದ್ ತೊಪ್ಪಿನ ಪಾಯಸ ಮತ್ತು ಪುಟ್ಟು ಮನೆಮನೆಯಲ್ಲೂ ಆಗುತ್ತದೆ. ಅರೆಭಾಷೆ ಗೌಡರು ಇದನ್ನು ಆಟಿ ಹದಿನೆಂಟು ಎಂದು ಆಚರಿಸುತ್ತಾರೆ. ಜಸ್ಟಿಸಿಯಾ ವೈನಾಡೆನ್ಸಿಸ್ ಎಂಬ ಈ ಮದ್ದ್ ತೊಪ್ಪಿನ ಗಿಡ ತೋಟದ ನೆರಳಿನಲ್ಲಿ, ತೊರೆಗಳ ಅಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಎಲೆಯನ್ನು ನೀರಿನಲ್ಲಿ ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ; ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಹಾಲು ಸೇರಿಸುತ್ತಾರೆ. ತಿಂದ ಮರುದಿನ ಮೂತ್ರ ಕೆಂಪಾಗುವುದನ್ನು ಕಂಡು ಹೊಸಬರು ಗಾಬರಿಯಾಗುವುದು, ಮನೆಯವರು ನಗುವುದು ಪ್ರತಿ ವರ್ಷದ ಮಾತು. ಕಕ್ಕಡ ಹುಟ್ಟಿದಾಗಿನಿಂದ ದಿನಕ್ಕೊಂದರಂತೆ ಮದ್ದಿನ ಗುಣ ಗಿಡಕ್ಕೆ ಇಳಿಯುತ್ತ ಹದಿನೆಂಟನೆಯ ದಿನಕ್ಕೆ ಹದಿನೆಂಟು ಗುಣಗಳೂ ತುಂಬುತ್ತವೆ ಎಂಬುದು ಜನರ ನಂಬಿಕೆ. ಎಲೆಯಲ್ಲಿ ಉತ್ಕರ್ಷಣ ನಿರೋಧಕ ಗುಣವಿರುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆ ಒಂದೇ ದಿನದ ಮಹಿಮೆಯ ಮಾತು ಬೇರೆ.

ಈ ಮದ್ದಿಗೆ ಒಡೆಯನಿಲ್ಲ, ವೈದ್ಯನೂ ಇಲ್ಲ. ಗಿಡ ಗುರುತಿಸಲು ಬರದ ಮನೆಗೆ ಪಕ್ಕದ ಮನೆಯವರು ಕಟ್ಟು ಕಳಿಸುತ್ತಾರೆ, ಈಗ ಪೇಟೆಯಲ್ಲಿ ಕಟ್ಟಿನ ಲೆಕ್ಕದಲ್ಲಿ ಮಾರಾಟವೂ ಆಗುತ್ತದೆ. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ತುಳುನಾಡಿನ ರೂಢಿಯೂ ಇದೇ ಜಾತಿಯದು. ಅಲ್ಲಿ ಕತ್ತಲಲ್ಲಿ ಮರ ತಪ್ಪಿ ವಿಷದ ಕಾಸರಕನ ತೊಗಟೆ ತಂದು ಪ್ರಾಣಾಪಾಯವಾದ ಪ್ರಸಂಗಗಳಿವೆ. ಹಿಂದಿನ ದಿನವೇ ಬೆಳಕಿನಲ್ಲಿ ಮರಕ್ಕೆ ಗುರುತು ಮಾಡಿ ಬರಬೇಕು, ಬಲ್ಲವರನ್ನು ಕರೆದೊಯ್ಯಬೇಕು ಎಂಬ ಬುದ್ಧಿಮಾತು ಊರಿನ ಹಿರಿಯರದು. ಪರಸ್ಪರ ನೆರವು ಎಂಬುದು ಈ ಭಾಗದಲ್ಲಿ ವೈದ್ಯರಿಗಿಂತ ಮೊದಲು ಮನೆವಾರ್ತೆಯಲ್ಲಿ ನೆಲೆಗೊಂಡಿತ್ತು.

ಗಿಡದ ಹಿಂದೆ ಬಂದ ಕೂಟಗಳು

ನಾಟಿ ವೈದ್ಯರನ್ನು ಒಂದೇ ಚಾವಣಿಯಡಿ ಕೂರಿಸುವ ಗಂಭೀರ ಯತ್ನ ಕರ್ನಾಟಕದಲ್ಲಿ ಶುರುವಾದದ್ದು 1990ರ ದಶಕದಲ್ಲಿ. ಅದಕ್ಕೆ ನೆಪ ಸಸ್ಯಸಂರಕ್ಷಣೆ. ದರ್ಶನ್ ಶಂಕರ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲಿ ಬೆಳೆದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನ, ಜನರ ಬಾಯಲ್ಲಿ ಎಫ್‌ಆರ್‌ಎಲ್‌ಎಚ್‌ಟಿ, 1993ರಿಂದ ಅರಣ್ಯ ಇಲಾಖೆಯೊಂದಿಗೆ ಸೇರಿ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಕರ್ನಾಟಕದಲ್ಲಿ ಇಂಥ 13 ಪ್ರದೇಶಗಳಾದವು. ಆಗುಂಬೆ, ಚಾರ್ಮಾಡಿ, ಸುಬ್ರಹ್ಮಣ್ಯಗಳ ಸಾಲಿನಲ್ಲಿ ಕೊಡಗಿನ ತಲಕಾವೇರಿಯೂ ಒಂದು. ಕಾಡಿನ ಒಂದು ತುಂಡನ್ನು ಬೇಲಿ ಹಾಕದೆ, ಕಡಿಯದೆ ಬಿಟ್ಟು, ಅಲ್ಲಿನ ಸಸ್ಯಗಳ ಬೀಜಮೂಲ ಉಳಿಸುವುದು ಉದ್ದೇಶ. ಸುತ್ತಲಿನ ಹಳ್ಳಿಯವರ ಸಮಿತಿಯಿಲ್ಲದೆ, ಗಿಡ ಬಲ್ಲವರಿಲ್ಲದೆ ಇದು ನಡೆಯುವ ಕೆಲಸವಲ್ಲ. ಗಿಡ ಬಲ್ಲವರನ್ನು ಹುಡುಕಹೊರಟಾಗ ಸಿಕ್ಕವರು ನಾಟಿ ವೈದ್ಯರು.

ಈ ಸಂಸ್ಥೆ ರೂಢಿಗೆ ತಂದ ದಾಖಲಾತಿ ಮತ್ತು ಮೌಲ್ಯಮಾಪನದ ಕಾರ್ಯಾಗಾರಗಳು ವಿವರಕ್ಕೆ ಅರ್ಹ. ಒಂದು ಪ್ರದೇಶದ ಜನರು ಮುಖ್ಯವೆಂದು ಹೇಳುವ ಕಾಯಿಲೆಗಳ ಪಟ್ಟಿ ಮೊದಲು ಆಗುತ್ತದೆ. ಪ್ರತಿ ಕಾಯಿಲೆಗೆ ಊರಿನಲ್ಲಿ ಬಳಕೆಯಿರುವ ಮದ್ದುಗಳು, ಯಾವ ಗಿಡ, ಯಾವ ಭಾಗ, ಎಷ್ಟು ಅಳತೆ, ಯಾವ ಅನುಪಾನ, ಯಾವ ಪಥ್ಯ ಎಂಬುದೆಲ್ಲ ಬರಹಕ್ಕಿಳಿಯುತ್ತವೆ. ಆಮೇಲೆ ನಾಟಿ ವೈದ್ಯರು, ಆಯುರ್ವೇದದ ವೈದ್ಯರು, ಸಸ್ಯಶಾಸ್ತ್ರಜ್ಞರು, ಆಧುನಿಕ ವೈದ್ಯಕೀಯ ಬಲ್ಲವರು ಒಂದೇ ಕಡೆ ಕೂತು ಒಂದೊಂದನ್ನೂ ಚರ್ಚಿಸುತ್ತಾರೆ. ಎಲ್ಲರ ಅನುಭವ ಕೂಡಿದರೆ ಆ ಮದ್ದನ್ನು ಮನೆಬಳಕೆಗೆ ಶಿಫಾರಸು ಮಾಡುವುದು, ಆಧಾರ ಸಾಲದಿದ್ದರೆ ತಡೆಹಿಡಿಯುವುದು, ಅಪಾಯವೆಂದು ಕಂಡರೆ ಬೇಡವೆನ್ನುವುದು. ತನ್ನ ಮನೆಯ ಗುಟ್ಟೆಂದು ಕಾಪಾಡಿಕೊಂಡು ಬಂದ ಗಿಡವನ್ನೇ ಪಕ್ಕದ ತಾಲ್ಲೂಕಿನವನೂ ಅದೇ ಕಾಯಿಲೆಗೆ ಕೊಡುತ್ತಾನೆ ಎಂದು ವೈದ್ಯರಿಗೆ ಮೊದಲ ಬಾರಿ ತಿಳಿದದ್ದು ಇಂಥ ಸಭೆಗಳಲ್ಲಿ. ಕೆಲವರಿಗೆ ಅದು ನಿರಾಸೆ, ಹಲವರಿಗೆ ಧೈರ್ಯ. ಸಾಮಾನ್ಯ ಕಾಯಿಲೆಗಳ ಮದ್ದನ್ನು ಮೇಜಿನ ಮೇಲಿಟ್ಟು ಕಷ್ಟದ ಕಾಯಿಲೆಗಳದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡವರೂ ಉಂಟು. ಅದು ಅವರ ಹಕ್ಕು ಎಂದೇ ಒಪ್ಪಬೇಕು.

ಗಿಡದ ಅಭಾವ ಕಲ್ಪನೆಯದಲ್ಲ. ಕಾಮಾಲೆ ಮತ್ತು ಚರ್ಮರೋಗಕ್ಕೆ ಬಳಸುವ ಮರದರಿಶಿನ ಪಶ್ಚಿಮ ಘಟ್ಟದಲ್ಲಿ ಅಳಿವಿನ ಅಂಚಿನಲ್ಲಿದೆ. ಅದು ನಿಧಾನವಾಗಿ ದಪ್ಪಗಾಗುವ ಬಳ್ಳಿ, ಬುಡ ಕಡಿದರೆ ಕಥೆ ಮುಗಿಯಿತು. ಸರ್ಪಗಂಧ, ವಾಯುವಿಳಂಗ, ಅಶೋಕ ಇವುಗಳ ಪಾಡೂ ಚೆನ್ನಾಗಿಲ್ಲ. ಇನ್ನೊಂದು ಕಡೆ ಕಾನೂನಿನ ಬೇಲಿ. ಬ್ರಹ್ಮಗಿರಿ 1974ರಲ್ಲಿ, ಪುಷ್ಪಗಿರಿ ಮತ್ತು ತಲಕಾವೇರಿ 1987ರಲ್ಲಿ ವನ್ಯಜೀವಿಧಾಮಗಳಾದವು; ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ವನ್ಯಜೀವಿಧಾಮ ಹಾಗೂ ಉದ್ಯಾನಗಳಿಂದ ಕಾಡುತ್ಪನ್ನ ತೆಗೆಯುವುದಕ್ಕೆ 2000ದಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಿಗಿ ಹಾಕಿತು. ಹಾಡಿಯ ಮುದುಕ ಬೆಳಗ್ಗೆ ಹೋಗಿ ತರುತ್ತಿದ್ದ ಬೇರು ಅಪರಾಧದ ವಸ್ತುವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕಿನ ಜೊತೆಗೆ ಸಾಂಪ್ರದಾಯಿಕ ತಿಳಿವಳಿಕೆಯ ಮೇಲಿನ ಸಮುದಾಯದ ಹಕ್ಕನ್ನೂ ಕಾಗದದ ಮೇಲೆ ಒಪ್ಪಿದೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ತೆರವು ಕಾರ್ಯಾಚರಣೆಯಲ್ಲಿ ಗುಡಿಸಲು ಕಳೆದುಕೊಂಡು, ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳ ಪುನರ್ವಸತಿ ಬಡಾವಣೆಗಳಿಗೆ ಹೋದ ಆದಿವಾಸಿ ಕುಟುಂಬಗಳ ವಿಷಯದಲ್ಲಿ ಚರ್ಚೆಯಾದದ್ದು ಮನೆ, ನೀರು, ಹಕ್ಕುಪತ್ರಗಳ ಬಗ್ಗೆ. ಮದ್ದಿನ ಕಾಡು ಎಷ್ಟು ದೂರವಾಯಿತೆಂಬ ಲೆಕ್ಕ ಯಾವ ಅರ್ಜಿಯ ನಮೂನೆಯಲ್ಲೂ ಇರುವುದಿಲ್ಲ.

ಕೊಡಗಿಗೆ ಒಂದು ಅನುಕೂಲವಿದೆ: ದೇವರಕಾಡು. ಜಿಲ್ಲೆಯಲ್ಲಿ 1,214 ದೇವರಕಾಡುಗಳು ಸುಮಾರು 2,550 ಹೆಕ್ಟೇರಿನಲ್ಲಿ ದಾಖಲಾಗಿವೆ. ಹಲವು ಒಂದೆರಡು ಎಕರೆಯ ತುಣುಕುಗಳು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇವುಗಳ ಸಸ್ಯವೈವಿಧ್ಯವನ್ನು ದೀರ್ಘಕಾಲ ಅಧ್ಯಯನ ಮಾಡಿದೆ. ದೇವರಕಾಡಿನಲ್ಲಿ ಕೊಡಲಿ ಆಡಿಸುವಂತಿಲ್ಲ, ಆದರೆ ಆಡಳಿತ ಸಮಿತಿ, ದೇಗುಲದ ಮುಖಂಡರಾದ ದೇವತಕ್ಕರು, ಊರ ಹಬ್ಬ ಇವೆಲ್ಲ ಇರುವುದರಿಂದ ಬೇರೆ ಬೇರೆ ಜನವರ್ಗದವರು ವರ್ಷಕ್ಕೊಮ್ಮೆಯಾದರೂ ಕೂಡುವ ಜಾಗವದು. ಮದ್ದಿನ ಗಿಡದ ನರ್ಸರಿ, ಮನೆಯಂಗಳದ ಔಷಧಿ ತೋಟದಂಥ ಯೋಜನೆಗಳನ್ನು ಪಂಚಾಯಿತಿ ಕಟ್ಟಡದ ಬದಲು ಇಂಥ ನೆಲೆಗೆ ಹೊಂದಿಸಿದ್ದರೆ ಅವು ಹೆಚ್ಚು ಬಾಳಿಕೆ ಬರುತ್ತಿದ್ದವೇನೋ.

ಕಾನೂನು ತಟ್ಟಿದ ಬಾಗಿಲು

1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯ. ಏಕೀಕರಣದ ನಂತರ ಬಂದ 1961ರ ರಾಜ್ಯ ಕಾಯ್ದೆ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ ಮತ್ತು ಯೋಗ ವೃತ್ತಿಯವರ ನೋಂದಣಿಗೆ ದಾರಿ ಮಾಡಿತು. 1970ರ ಭಾರತೀಯ ವೈದ್ಯ ಪದ್ಧತಿಗಳ ಕೇಂದ್ರ ಮಂಡಳಿ ಕಾಯ್ದೆ ಪದವಿಯನ್ನು ಕಡ್ಡಾಯಗೊಳಿಸಿ, ಆಗಲೇ ವೃತ್ತಿಯಲ್ಲಿದ್ದ ಹಳಬರಿಗೆ ಸೀಮಿತ ರಿಯಾಯಿತಿ ಕೊಟ್ಟಿತು. ಹಳ್ಳಿಯ ಮದ್ದಿನವರಿಗೆ ಇದಾವುದೂ ಮುಟ್ಟಲಿಲ್ಲ. ಅರ್ಜಿ ಹಾಕಬೇಕೆಂದು ಹೇಳುವ ಸಂಘವೇ ಆಗ ಇರಲಿಲ್ಲ. ಒಂದು ಜಾಲ ಇಲ್ಲದಿರುವುದರ ನಷ್ಟ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನೆರೆಯ ಕೇರಳದ ಪಾರಂಪರ್ಯ ವೈದ್ಯರ ವೇದಿಕೆಯೊಂದು ಪದವಿಯಿಲ್ಲದೆ ವೃತ್ತಿ ನಡೆಸುವ ಹಕ್ಕಿನ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತು. 2018ರ ಏಪ್ರಿಲ್ 13ರ ತೀರ್ಪು ಅವರ ವಿರುದ್ಧವಾಯಿತು: ಮಾನ್ಯತೆ ಪಡೆದ ಅರ್ಹತೆ ಮತ್ತು ನೋಂದಣಿ ಇಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲ. ತೀರ್ಪು ಕೇರಳದ ಮೊಕದ್ದಮೆಯಲ್ಲಿ ಬಂದರೂ ಅದರ ನೆರಳು ಇಡೀ ದೇಶದ ನಾಟಿ ವೈದ್ಯರ ಮೇಲೆ ಬಿತ್ತು. 2020ರ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಹಳೆಯ ಮಂಡಳಿಯ ಜಾಗಕ್ಕೆ ಬಂದಾಗಲೂ ಈ ನಿಲುವು ಬದಲಾಗಲಿಲ್ಲ.

ಕರ್ನಾಟಕದಲ್ಲಿ ಕಾನೂನಿನ ಇಂಥ ಒತ್ತಡಕ್ಕೆ ಉತ್ತರವಾಗಿ ಬೆಳೆದದ್ದು ಪಾರಂಪರಿಕ ವೈದ್ಯ ಪರಿಷತ್ತು. ರಾಜ್ಯಮಟ್ಟದ ಸಮ್ಮೇಳನಗಳು, ಗಿಡಮೂಲಿಕೆಗಳ ಪ್ರದರ್ಶನ, ಸರ್ಕಾರಕ್ಕೆ ಮನವಿ ಇವು ಅದರ ಕಣ್ಣಿಗೆ ಕಾಣುವ ಕೆಲಸ. ಗುರುತಿನ ಚೀಟಿ ಬೇಕು, ಇಳಿವಯಸ್ಸಿನವರಿಗೆ ಮಾಸಾಶನ ಬೇಕು, ಪೊಲೀಸರ ಕಿರುಕುಳ ತಪ್ಪಬೇಕು ಎಂಬವು ಇಂಥ ಸಮ್ಮೇಳನಗಳ ನಿತ್ಯದ ಬೇಡಿಕೆಗಳು. ವೇದಿಕೆಯ ಮೇಲೆ ಮಂತ್ರಿ, ಮಠಾಧೀಶರ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ನಿಜವಾದ ಸಮ್ಮೇಳನ ನಡೆಯುವುದು ಊಟದ ಸಾಲಿನಲ್ಲಿ: ಒಬ್ಬರು ಜೇಬಿನಿಂದ ಒಣಗಿದ ತೊಗಟೆ ತೆಗೆದು ಮೂಸಲು ಕೊಡುತ್ತಾರೆ, ಇನ್ನೊಬ್ಬರು ತಮ್ಮ ಕಡೆ ಅದಕ್ಕೆ ಬೇರೆ ಹೆಸರೆನ್ನುತ್ತಾರೆ, ಮಳೆಗಾಲಕ್ಕೆ ಒಂದು ಬಳ್ಳಿ ಕಳಿಸಿಕೊಡುವ ಮಾತಾಗುತ್ತದೆ.

ಕಾನೂನಿನ ಗೋಡೆಯಲ್ಲಿ ತೆರೆದ ಒಂದು ಚಿಕ್ಕ ಕಿಂಡಿ ಎಂದರೆ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಸ್ವಯಂಪ್ರೇರಿತ ಪ್ರಮಾಣೀಕರಣ. ಎಫ್‌ಆರ್‌ಎಲ್‌ಎಚ್‌ಟಿಯ ಬಳಗದಿಂದಲೇ ಮೂಡಿದ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಇದರ ರೂಪಣೆಯಲ್ಲಿ ಕೈಜೋಡಿಸಿದೆ. ಮೂಳೆ ಕಟ್ಟುವುದು, ಕಾಮಾಲೆ, ವಿಷಜಂತುಗಳ ಕಡಿತ, ಸಂಧಿವಾತ, ಸಾಮಾನ್ಯ ಕಾಯಿಲೆಗಳು, ಹೆರಿಗೆ ಇಂಥ ಕ್ಷೇತ್ರಗಳಲ್ಲಿ ವೈದ್ಯರನ್ನು ಬರಹದ ಪರೀಕ್ಷೆಗೆ ಬದಲು ಮಾತಿನಲ್ಲಿ, ಕೈಕೆಲಸದಲ್ಲಿ ಪರೀಕ್ಷಿಸಲಾಗುತ್ತದೆ. ಓದುಬರಹ ಬಾರದವರಿಗೂ ಅವಕಾಶವಿರುವುದು ಇದರ ದೊಡ್ಡ ಗುಣ. ಆದರೆ ಪ್ರಮಾಣಪತ್ರ ಪರವಾನಗಿಯಲ್ಲ. ಅದನ್ನು ಗೋಡೆಗೆ ತೂಗಿಹಾಕಿ ದವಾಖಾನೆ ತೆರೆಯುವಂತಿಲ್ಲ. ಕ್ಯಾನ್ಸರ್, ಮಧುಮೇಹ ವಾಸಿ ಮಾಡುವುದಾಗಿ ಜಾಹೀರಾತು ಕೊಟ್ಟರೆ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ ಎಂಬುದನ್ನು ಸದಸ್ಯರಿಗೆ ಮನದಟ್ಟು ಮಾಡುವುದೇ ಒಂದು ಸಂಘ ಮಾಡಬಹುದಾದ ಉಪಕಾರ. ದುರದೃಷ್ಟವಶಾತ್ ಇಂಥ ಎಚ್ಚರಿಕೆ ಸನ್ಮಾನದ ಶಾಲಿನಷ್ಟು ಜನಪ್ರಿಯವಲ್ಲ.

ಪದವೀಧರರು, ಚಿಕಿತ್ಸಕರು, ಆಮ್ಚಿಗಳು

ಪದವಿ ಪಡೆದವರ ಕಥೆ ಬೇರೆ. ಘಟ್ಟದ ಕೆಳಗೆ ಸುಳ್ಯದ ಕೆ.ವಿ.ಜಿ. ಆಯುರ್ವೇದ ಕಾಲೇಜು, ಪ್ರಕೃತಿ ಚಿಕಿತ್ಸೆಯ ಪದವಿಯನ್ನು 1989ರಲ್ಲಿ ಆರಂಭಿಸಿದ ಉಜಿರೆಯ ಎಸ್‌ಡಿಎಂ ಕಾಲೇಜು, ಮೇಲೆ ಮೈಸೂರಿನ 1908ರ ಸರ್ಕಾರಿ ಆಯುರ್ವೇದ ಕಾಲೇಜು ಕೊಡಗಿನ ಸುತ್ತ ಇವೆ. ಒಂದೇ ಕಾಲೇಜಿನಲ್ಲಿ ಕೂಡಿ ಓದಿದವರಿಗೆ ಸಹಪಾಠಿಗಳ ಬಳಗವೇ ಮೊದಲ ಆಸರೆ. ಗೊಂದಲದ ರೋಗಿ ಬಂದಾಗ ಹೋಗುವ ಮೊದಲ ಫೋನು ಸಹಪಾಠಿಗೆ ಇಲ್ಲವೆ ಗುರುವಿಗೆ. ರಾಷ್ಟ್ರಮಟ್ಟದಲ್ಲಿ ಭಾರತೀಯ ವೈದ್ಯ ಪದ್ಧತಿಗಳ ಪದವೀಧರರ ನೀಮಾ, ಆಯುಷ್ ಫೆಡರೇಷನ್, ಪ್ರಕೃತಿ ಚಿಕಿತ್ಸೆ ಪದವೀಧರರ ಇನಿಗ್ಮಾದಂಥ ಸಂಘಗಳಿವೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ದವಾಖಾನೆಯ ನೋಂದಣಿ, ನವೀಕರಣ, ತಪಾಸಣೆಗಳ ತಲೆನೋವಿನಲ್ಲಿ ಈ ಸಂಘಗಳ ನೆರವು ಹೆಚ್ಚು ಕಾಣುತ್ತದೆ. ನಾಟಿ ವೈದ್ಯರನ್ನು ಇವು ಸದಸ್ಯರಾಗಿ ಸೇರಿಸಿಕೊಳ್ಳುವುದಿಲ್ಲ. ನಕಲಿ ವೈದ್ಯರ ವಿರುದ್ಧದ ಹೋರಾಟದಲ್ಲಿ ಅವರನ್ನೂ ಅದೇ ಪಟ್ಟಿಗೆ ಸೇರಿಸಿಬಿಡುವುದುಂಟು. ಹೀಗೆ ಸೊಪ್ಪು ಒಂದೇ ಆದರೂ ಸಭೆ ಎರಡು.

ಇವರಿಬ್ಬರ ನಡುವೆ ಯಾರ ಲೆಕ್ಕಕ್ಕೂ ಸಿಗದ ಒಂದು ವರ್ಗ ಕಳೆದ ಎರಡು ದಶಕಗಳಲ್ಲಿ ಬೆಳೆದಿದೆ. ಪ್ರವಾಸೋದ್ಯಮದ ಬೆನ್ನಿಗೆ ಬಂದ ರೆಸಾರ್ಟುಗಳ ಆಯುರ್ವೇದ ಕೇಂದ್ರಗಳಲ್ಲಿ ಎಣ್ಣೆ ಹಚ್ಚುವ, ಶಿರೋಧಾರೆ ಹಿಡಿಯುವ ಯುವಕ ಯುವತಿಯರು, ಬಹುಮಂದಿ ಕೇರಳದವರು. ಕೈ ಬೆರಳು, ಸೊಂಟದ ನೋವು ಈ ಕೆಲಸದ ಕಾಯಿಲೆ. ಅತಿಥಿಯ ಅಸಭ್ಯ ವರ್ತನೆ ಎದುರಾದರೆ ಹೇಳಿಕೊಳ್ಳಲು ಮಾಲೀಕನ ಹೊರತು ಬೇರೆ ಬಾಗಿಲಿಲ್ಲ. ಪರಸ್ಪರ ಬೆಂಬಲದ ಕೂಟ ಯಾರಿಗಾದರೂ ತುರ್ತಾಗಿ ಬೇಕಿದ್ದರೆ ಅದು ಇವರಿಗೆ, ಪ್ರಶಸ್ತಿ ಪಡೆದ ಪಂಡಿತರಿಗಲ್ಲ.

ಕುಶಾಲನಗರ ದಾಟಿ ಕಾವೇರಿಯಾಚೆ, ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, 1960ರ ದಶಕದ ಆರಂಭದಿಂದ ನೆಲೆಸಿದ ಟಿಬೆಟನ್ನರ ವೈದ್ಯಪದ್ಧತಿ ಒಳ್ಳೆಯ ಹೋಲಿಕೆ ಒದಗಿಸುತ್ತದೆ. ಲಾಸಾದಲ್ಲಿ 1916ರಲ್ಲಿ ಹುಟ್ಟಿ 1961ರಲ್ಲಿ ಧರ್ಮಶಾಲೆಯಲ್ಲಿ ಮರುಸ್ಥಾಪನೆಯಾದ ಮೆನ್-ತ್ಸೀ-ಖಾಂಗ್ ಸಂಸ್ಥೆಯ ಶಾಖಾ ಚಿಕಿತ್ಸಾಲಯ ಇಲ್ಲಿದೆ. ಆಮ್ಚಿಗಳೆಂಬ ಈ ವೈದ್ಯರಿಗೆ ತರಬೇತಿ ಒಂದೇ ಕಡೆ, ಗುಳಿಗೆ ತಯಾರಾಗುವುದು ಸಂಸ್ಥೆಯ ಔಷಧಾಲಯದಲ್ಲಿ. ಶಾಖೆಯಿಂದ ಶಾಖೆಗೆ ವರ್ಗಾವಣೆಯೂ ಉಂಟು. 2010ರ ಕಾನೂನು ತಿದ್ದುಪಡಿಯಿಂದ ಸೋವಾ-ರಿಗ್ಪಾ ಎಂಬ ಈ ಪದ್ಧತಿಗೆ ಭಾರತ ಸರ್ಕಾರದ ಮಾನ್ಯತೆಯೂ ಸಿಕ್ಕಿತು. ನಿರಾಶ್ರಿತರಾಗಿ ಬಂದವರು ಐವತ್ತು ವರ್ಷದಲ್ಲಿ ಪಡೆದದ್ದನ್ನು ನೆಲದ ಮಕ್ಕಳಾದ ಜೇನುಕುರುಬ ವೈದ್ಯರು ಪಡೆಯಲಾಗಲಿಲ್ಲ. ಬರೆದಿಟ್ಟ ಗ್ರಂಥ, ಒಂದು ಕೇಂದ್ರ ಸಂಸ್ಥೆ, ಕೂಡಿಕೊಂಡೇ ಇರುವ ಅಭ್ಯಾಸ ಟಿಬೆಟನ್ನರಿಗಿತ್ತು. ಹೊಳೆಯ ಎರಡು ದಡಗಳ ಈ ವೈದ್ಯರ ನಡುವೆ ಒಡನಾಟ ಬೆಳೆದದ್ದು ತೀರ ಕಡಿಮೆ. ಕೊಡಗಿನ ರೋಗಿಗಳು ಮಾತ್ರ ಎರಡೂ ದಡಕ್ಕೆ ಹೋಗುತ್ತಾರೆ.

ಮುಂದಕ್ಕೆ ಕಳಿಸುವ ವಿದ್ಯೆ

ವೈದ್ಯರ ಜಾಲವೊಂದು ಪ್ರಾಣ ಉಳಿಸುವುದು ಹೆಚ್ಚಾಗಿ ಒಂದೇ ಕೆಲಸದಿಂದ: ರೋಗಿಯನ್ನು ಯಾವಾಗ ಬಿಟ್ಟುಕೊಡಬೇಕೆಂದು ಕಲಿಸುವುದರಿಂದ. ಹಾವಿನ ಕಡಿತ ಇದರ ಅಗ್ನಿಪರೀಕ್ಷೆ. ಕಚ್ಚಿದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು, ಕಚ್ಚಿದರೂ ವಿಷ ಇಳಿಸದ ಸಂದರ್ಭಗಳುಂಟು. ಹಾಗಾಗಿ ಯಾವ ಬೇರು ಕೊಟ್ಟರೂ ಹಲವರು ಬದುಕುತ್ತಾರೆ, ವೈದ್ಯನ ಹೆಸರು ಬೆಳೆಯುತ್ತದೆ. ನಾಗರ ಅಥವಾ ಮಂಡಲದ ಹಾವು ನಿಜವಾಗಿ ವಿಷವಿಳಿಸಿದ್ದರೆ ಕಳೆದ ಗಂಟೆ ಮರಳಿ ಬಾರದು. ಮಲೆನಾಡಿನ ಹಂಪ್ ನೋಸ್ಡ್ ಪಿಟ್ ವೈಪರ್ ಹಾವಿನ ವಿಷಕ್ಕೆ ದೇಶದಲ್ಲಿ ಸಿಗುವ ಸಾಮಾನ್ಯ ಪ್ರತಿವಿಷ ಸಾಲದೆಂಬುದು ಬೇರೊಂದು ತೊಡಕು. ಅದಕ್ಕೂ ಆಸ್ಪತ್ರೆಯ ನಿಗಾ ಬೇಕೇ ಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ರೋಗಿ ಮೊದಲು ಓಡಿಬರುವ 'ವಿಷದ ಮದ್ದಿನ ಮನೆ'ಯವರನ್ನು ಬೈದು ದೂರವಿಡುವುದಕ್ಕಿಂತ, ಮದ್ದು ಕೊಡದೆ, ಕಚ್ಚಿಸಿಕೊಂಡ ಕೈಯೋ ಕಾಲೋ ಅಲುಗದಂತೆ ಕಟ್ಟಿ ಜೀಪು ಹತ್ತಿಸುವುದನ್ನು ಅವರಿಗೇ ವಹಿಸುವುದು ಜಾಣತನ. ಊರು ಅವರ ಮಾತನ್ನು ಕೇಳುತ್ತದೆ.

ಕೈಕಾಲು ನೋವಿನ ವಿಷಯದಲ್ಲೂ ಹೀಗೆಯೇ. ಮೈಸೂರು, ಕೊಡಗು, ಚಾಮರಾಜನಗರದ ಆದಿವಾಸಿಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಕಾಣಸಿಗುತ್ತದೆ. ಅದರ ನೋವಿನ ಸರದಿಯನ್ನು ವಾತವೆಂದು ತಿಳಿದು ಎಣ್ಣೆ ತಿಕ್ಕುತ್ತ ಕೂತರೆ ಮಗುವಿನ ವರ್ಷಗಳು ಕಳೆದುಹೋಗುತ್ತವೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಹಾಡಿಗಳಲ್ಲಿ ರಕ್ತಪರೀಕ್ಷೆಗೆ ಹೊರಟಾಗ, ಹಾಡಿಯ ಮದ್ದಿನ ಹಿರಿಯರನ್ನು ಜೊತೆಗೆ ಸೇರಿಸಿಕೊಂಡ ಕಡೆ ಸೂಜಿಯ ಭಯ ಕಡಿಮೆಯಾಗಬಹುದೆಂದು ನಿರೀಕ್ಷಿಸುವುದರಲ್ಲಿ ತಪ್ಪಿಲ್ಲ. 1984ರಲ್ಲಿ ಹುಟ್ಟಿ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆಯನ್ನೂ ಹಾಡಿಯನ್ನೂ ಹತ್ತಿರ ತಂದ ಹತ್ತಿರದ ಮಾದರಿಗಳು.

ಸೂಲಗಿತ್ತಿಯರು ಈ ಚಿತ್ರದಿಂದ ಬಹುತೇಕ ಮರೆಯಾಗಿದ್ದಾರೆ. 2005ರ ನಂತರ ಆಸ್ಪತ್ರೆ ಹೆರಿಗೆಗೆ ಸಿಕ್ಕ ಪ್ರೋತ್ಸಾಹ ತಾಯಂದಿರ ಪ್ರಾಣ ಉಳಿಸಿತು, ಒಳ್ಳೆಯದೇ ಆಯಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಸಂಭ್ರಮಿಸಿತು. ಬಾಣಂತಿಯ ಆರೈಕೆ, ಎಣ್ಣೆನೀರು, ಮೊಲೆಹಾಲಿನ ತೊಂದರೆಗಳಲ್ಲಿ ಈಗಲೂ ಕರೆ ಬರುವ ಸಾಮಾನ್ಯ ಸೂಲಗಿತ್ತಿಯರಿಗೆ ಸಂಘವಿಲ್ಲ. ನಾಟಿ ವೈದ್ಯರ ಸಭೆಗಳಲ್ಲಿಯೂ ವೇದಿಕೆಯ ಮೇಲೆ ಗಂಡಸರೇ ಹೆಚ್ಚು.

ಹೊರೆ ಮತ್ತು ಪಾಲು

ವೈದ್ಯನ ಮನಸ್ಸಿನ ಹೊರೆಗೆ ಒಂದು ಕೂಟ ಬೇಕೆಂಬ ವಿಚಾರವನ್ನು 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಗಟ್ಟಿಗೊಳಿಸಿದರು. ಕುಟುಂಬ ವೈದ್ಯರು ಸಣ್ಣ ಗುಂಪಾಗಿ ಕೂತು, ತಮಗೆ ಕಾಟ ಕೊಟ್ಟ ಒಬ್ಬ ರೋಗಿಯ ಪ್ರಸಂಗವನ್ನು ಹೇಳುವುದು, ಉಳಿದವರು ತೀರ್ಪು ಕೊಡದೆ ಆಲಿಸುವುದು ಅದರ ವಿಧಾನ. ಬಾಲಿಂಟ್ ಗುಂಪುಗಳೆಂದು ಹಲವು ದೇಶಗಳಲ್ಲಿ ಅದು ನಡೆದಿದೆ. ಕೊಡಗಿನ ಪಾರಂಪರಿಕ ವೈದ್ಯರ ಕೂಟಗಳು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿಲ್ಲ. ಗಿಡ, ಗುರುತಿನ ಚೀಟಿಗಳಿಗಾಗಿ ಸೇರಿದ ಸಭೆಯಲ್ಲಿ ಸೋಲಿನ ಮಾತಿಗೆ ಜಾಗ ಸಿಗುವುದು ಕಷ್ಟ. ಸರ್ಕಾರದ ಕಿವಿಯೂ ಅಲ್ಲೇ ಇರುವಾಗ ಯಾರು ಬಾಯಿಬಿಟ್ಟಾರು? ಆ ಕೆಲಸ ಈಗಲೂ ಆಗುತ್ತಿದ್ದರೆ ಅದು ಇಬ್ಬರೇ ಕೂತ ಜಗಲಿಯಲ್ಲಿ, ದಾಖಲೆಗೆ ಸಿಗದಂತೆ.

ಹೊರೆಯ ಮಾತು ಹೀಗಾದರೆ, ಮದ್ದಿನ ತಿಳಿವಳಿಕೆಯಿಂದ ಬರುವ ಹಣದ ಪಾಲಿನ ಪ್ರಶ್ನೆಯಲ್ಲಿ ಮಾದರಿಯಾಗಿ ಉಲ್ಲೇಖವಾಗುವುದು ಕೇರಳದ ಅಗಸ್ತ್ಯ ಬೆಟ್ಟದ ಕಾಣಿ ಜನ. ದಣಿವಾರಿಸಲು ಅವರು ತಿನ್ನುತ್ತಿದ್ದ ಆರೋಗ್ಯಪಚ್ಚೆಯ ಹಣ್ಣನ್ನು 1987ರಲ್ಲಿ ಸಸ್ಯವಿಜ್ಞಾನಿಗಳ ತಂಡ ಕಂಡಿತು. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದರಿಂದ 'ಜೀವನಿ' ಎಂಬ ಔಷಧ ರೂಪಿಸಿ, ಪರವಾನಗಿಯ ಹಣದಲ್ಲಿ ಅರ್ಧವನ್ನು ಕಾಣಿಗಳಿಗೆ ಕೊಡಲು ಒಪ್ಪಿತು. ಹಣ ಪಡೆಯಲೆಂದೇ 1997ರಲ್ಲಿ ಅವರದೊಂದು ಟ್ರಸ್ಟ್ ಹುಟ್ಟಿತು. ಯಾರು ಗುಟ್ಟು ಹೇಳಿದರು, ಯಾರಿಗೆ ಹಕ್ಕು ಎಂಬ ಜಗಳವೂ ಅದರ ಜೊತೆಗೇ ಹುಟ್ಟಿತು.

ಕೊಡಗಿನ ಮಟ್ಟಿಗೆ ಈ ಪ್ರಶ್ನೆ ಜೀವವೈವಿಧ್ಯ ಕಾಯ್ದೆಯೊಂದಿಗೆ ಸೇರಿಕೊಂಡಿದೆ. 2002ರ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಗಿಡ ಮತ್ತು ಮದ್ದಿನ ತಿಳಿವಳಿಕೆ ಬರೆದಿಡಬೇಕು. 2023ರ ತಿದ್ದುಪಡಿ ನೋಂದಾಯಿತ ಆಯುಷ್ ವೈದ್ಯರಿಗೂ ಗ್ರಂಥಸ್ಥ ತಿಳಿವಳಿಕೆಯ ಬಳಕೆಗೂ ಲಾಭದ ಪಾಲು ಕೊಡುವ ಹೊಣೆಯಿಂದ ವಿನಾಯಿತಿ ಕೊಟ್ಟಿತು. ಚರಕ, ಸುಶ್ರುತರಲ್ಲಿರುವ ಗಿಡಕ್ಕೆ ಕಂಪನಿ ಊರಿಗೆ ಏನೂ ಕೊಡಬೇಕಿಲ್ಲ. ಯರವರ ಅಥವಾ ಕುಡಿಯರ ಬಾಯಲ್ಲಷ್ಟೇ ಇರುವ ಮದ್ದಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಆದರೆ ಪಾಲು ಕೇಳಬೇಕಾದರೆ ಆ ಮದ್ದು ತಮ್ಮದೆಂದು ತೋರಿಸುವ ಬರಹ ಬೇಕು, ಕೇಳುವ ಸಂಘಟಿತ ಗುಂಪೂ ಬೇಕು. ದಾಖಲಾತಿಯ ಪುಸ್ತಕ ಹಿಡಿದು ಬರುವವರ ಮುಂದೆ ವೈದ್ಯರು ಏನನ್ನು ಬರೆಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದನ್ನು ಸದ್ಯಕ್ಕೆ ಒಬ್ಬೊಬ್ಬರೇ ತಮ್ಮ ಮನೆಯಲ್ಲಿ ತೀರ್ಮಾನಿಸುತ್ತಿದ್ದಾರೆ.